ಅತ್ತೆಯ ಶಿಫಾರಸು

ಪರದೇಶಕ್ಕೆ ಬಂದ ಬಡಗಿಗೆ ಕೆಲಸವೇ ಸಿಗಲಿಲ್ಲ. ವಲಸಿಗರಿಗೆ ವೆಬ್‌ಸೈಟ್ ಮಾಡಲು ಕಲಿಸುತ್ತಿದ್ದ ಮೇಡಂ, "ನಿಮ್ಮ ಕೆಲಸ ಕಂಡವರ ಮಾತು ಹಾಕಿ, ಎದ್ದು ಕಾಣ್ತೀರಿ" ಎಂದರು. ಇಲ್ಲಿ ಅವನ ಕೆಲಸ ಕಂಡಿದ್ದವರು ಅತ್ತೆ ಒಬ್ಬರೇ. ಹೊಗಳುವುದು ಅವರ ಜಾತಕದಲ್ಲೇ ಇರಲಿಲ್ಲ. ಆದರೂ ವಿಡಿಯೋ ಮಾಡಲು ಅವರೆದುರು ಮೊಬೈಲ್ ಹಿಡಿದ.

"ಅಳಿಯ ಅಂತ ಊಟಕ್ಕೆ ಕರೆದ್ರೆ, ಬಡಿಸಿದ್ದು ತಣ್ಣಗಾದ್ರೂ ಸರಿ, ನನ್ನ ಬಾಗಿಲು ಬಿಚ್ಚಿ ಕೂರ್ತಾನೆ! ಕೂದಲೆಳೆಯಷ್ಟು ಸಂದಿ ಉಳಿದ್ರೂ ಮತ್ತೆ ಕೀಳ್ತಾನೆ. ಏಗಿ ಏಗಿ ಸಾಕಾಯ್ತು!"

ಅವನು ಅದನ್ನು ಅಳಿಸುವ ಮೊದಲೇ ಹೆಂಡತಿ ಕಿಸಕ್ಕನೆ ನಕ್ಕು ಅನುವಾದ ಸಮೇತ ವೆಬ್‌ಸೈಟಿಗೆ ಏರಿಸಿಬಿಟ್ಟಳು. ಅದನ್ನು ನೋಡಿದ ಬಾಗಿಲು ಕಾರ್ಖಾನೆಯ ಮಾಲೀಕ, "ಇಂಥ ಹಠಮಾರಿನೇ ನಮಗೆ ಬೇಕಿತ್ತು" ಎಂದು ಕೆಲಸಕ್ಕೆ ಕರೆದ.

ಈಗ ತರಗತಿಯವರೆಲ್ಲ ಬೈಸಿಕೊಳ್ಳಲು ಅತ್ತೆಯ ಮನೆಮುಂದೆ ಸಾಲುಗಟ್ಟಿದ್ದಾರೆ.

"ನಾನೇನು ಸುಮ್‌ಸುಮ್ನೆ ಬೈಯೋಳಾ?" ಎಂದು ಅತ್ತೆ ಗದರಿದರು. "ಪ್ಲಂಬರ್ ಮೊದ್ಲು ನನ್ನ ನಲ್ಲಿ ಸರಿಮಾಡ್ಲಿ, ಆಮೇಲೆ ನೋಡೋಣ!"