ಮೂರು ಗೀರಿನ ಬುಶ್

"ಕೈ ತೆಗಿ, ಬೆರಳು ಸಿಕ್ಕಿಕೊಂಡೀತು!" ಎಂದು ಗದರಿದ ಕೋಲ್ ಪ್ಯಾಸ್ಕೋ ಮೇಜಿಗೆ ಬಿಗಿದ ವೈಸಿನ ಹಿಡಿಯನ್ನು ಇನ್ನೊಂದು ಸುತ್ತು ತಿರುಗಿಸಿದ. ಹೊಸ ಬೇರಿಂಗು ಕಿರ್ರೆನ್ನುತ್ತ ತನ್ನ ಗೂಡಿನೊಳಗೆ ಇಳಿದು ಕೂತಿತು. ರೋವೀನಾ ಕೈ ಹಿಂದಕ್ಕೆಳೆದುಕೊಂಡಳು. ಅಡಿಲೇಡಿನಿಂದ ತೊಟ್ಟು ಬಂದ ಕಪ್ಪು ಉಡುಪಿನ ಮೇಲೆ ಅವಳು ಅಪ್ಪನ ಗ್ರೀಸು ಮೆತ್ತಿದ ಏಪ್ರನ್ ಕಟ್ಟಿಕೊಂಡಿದ್ದಳು. ಅಪ್ಪನ ಮಣ್ಣು ಎರಡು ಗಂಟೆಗೆ. ಈಗಾಗಲೇ ಹತ್ತೂವರೆ.

ಅವಳ ಅಪ್ಪ ಹೆಡ್ಲಿ ಟ್ರೂಯಿನ್ ಬದುಕಿದ್ದಾಗ ಯಾರನ್ನೂ ಏನೂ ಕೇಳಿದವನಲ್ಲ. ಕೇಳಿದ್ದು ಒಂದೇ: ನನ್ನನ್ನು ಕೊಯ್ಯದ ಹುಲ್ಲಿನೊಳಗೆ ಇಳಿಸಬೇಡಿ. ಊರಿನ ಸ್ಮಶಾನದ ಹುಲ್ಲನ್ನು ಮೂವತ್ತೊಂದು ವರ್ಷ ಕೊಯ್ದವನಿಗೆ ಅಷ್ಟು ಕೇಳುವ ಹಕ್ಕಿತ್ತು. ಆದರೆ ಸತ್ತಿದ್ದು ಕೆಟ್ಟ ಹೊತ್ತಿನಲ್ಲಿ. ಅಕ್ಟೋಬರಿನ ಮಳೆಗೆ ಹುಲ್ಲು ಮೊಣಕಾಲುದ್ದ ಎದ್ದು ನಿಂತಿತ್ತು. ಅವನು ಕೂತು ಓಡಿಸುತ್ತಿದ್ದ ಹುಲ್ಲಿನ ಗಾಡಿಯ ಹೊಟ್ಟೆ, ಅಂದರೆ ಮೂರು ಬ್ಲೇಡು ತಿರುಗುವ ಕಬ್ಬಿಣದ ಡೆಕ್ಕು, ಶೆಡ್ಡಿನ ಮೇಜಿನ ಮೇಲೆ ಅಂಗಾತ ಬಿದ್ದಿತ್ತು. ಬ್ಲೇಡು ತಿರುಗಿಸುವ ಮೂರು ಸ್ಪಿಂಡಲ್‌ಗಳಲ್ಲಿ ಎರಡಕ್ಕೆ ಹೆಡ್ಲಿ ಹೊಸ ಬೇರಿಂಗು ಹಾಕಿ, ಬಣ್ಣ ಬಳಿದು ಮುಗಿಸಿದ್ದ. ಮೂರನೆಯದು ಹಳೇ ಪೇಪರಿನ ಮೇಲೆ ಬಿಡಿಬಿಡಿಯಾಗಿ ಹರಡಿತ್ತು. ಅದರ ಪಕ್ಕದ ಸ್ಟೂಲಿನ ಮೇಲೆಯೇ ಮಂಗಳವಾರ ಅವನು ಕೂತಲ್ಲೇ ಹೋಗಿದ್ದ.

"ಬುಶ್ ಕೊಡು," ಎಂದ ಕೋಲ್.

"ಯಾವ್ದು?"

"ಎರಡು ಬೇರಿಂಗಿನ ನಡುವೆ ಕೂರೋದು. ಹೆಬ್ಬೆರಳಷ್ಟು ಉಕ್ಕಿನ ಕೊಳವೆ. ಹೆಡ್ಲಿ ಮಗಳು ಅಂತ ಊರಲ್ಲಿ ಎಲ್ಲೂ ಹೇಳ್ಕೋಬೇಡ, ತಾಯಿ."

"ಮಿಕ್ಕಿದ್ದೆಲ್ಲ ಇದೆ ಕೋಲ್ ಅಂಕಲ್, ಅದೊಂದೇ ಇಲ್ಲ."

ಡಬ್ಬಿ, ಕಪಾಟು, ಮೇಜಿನ ಅಡಿ ಎಲ್ಲ ಹುಡುಕಿದ್ದಾಯಿತು. "ಇವತ್ತೊಂದಿನ ಅದಿಲ್ದೇ ಬಿಗಿದ್ರೆ?" ಎಂದ ರೋವೀನಾ ತಕ್ಷಣ ನಾಲಿಗೆ ಕಚ್ಚಿಕೊಂಡಳು. ಅವಳ ಕಣ್ಣು ತಾನಾಗಿಯೇ ಕೋಲ್‌ನ ಎಡಗಾಲಿನ ಬೂಟಿಗೆ ಹೋಯಿತು. ಆ ಬೂಟಿನ ಮುಂಭಾಗದಲ್ಲಿ ಬೆರಳುಗಳಿರಲಿಲ್ಲ, ಬಟ್ಟೆ ತುರುಕಿತ್ತು. ಬುಶ್ ಇಲ್ಲದೆ ಬಿಗಿದರೆ ಬೇರಿಂಗು ಹಿಸುಕಿಕೊಂಡು ಕಾಯುತ್ತದೆ, ದಂಡ ಮುರಿಯುತ್ತದೆ, ಬ್ಲೇಡು ಹಾರುತ್ತದೆ. ಈ ಪಾಠವನ್ನು ಊರು ಕಲಿತದ್ದೇ ಆ ಕಾಲಿನಿಂದ.

ಹೆಡ್ಲಿಯ ಹೆಂಡತಿ ಬೆರಿಲ್ ಚಹಾ ಹಿಡಿದು ಬಂದಳು. ಏನು ಹುಡುಕುತ್ತಿದ್ದಾರೆಂದು ಕೇಳಿ, ಕಪ್ಪನ್ನು ಕೋಲ್‌ನ ಕೈಗಿಟ್ಟು, "ಅದನ್ನ ನೀನೇ ತರ್ಬೇಕಂತಲ್ಲ?" ಎಂದಳು.

"ಯಾರಂದ್ರು?"

"ಹೆಡ್ಲಿ. ಸೋಮವಾರ, ಇಲ್ಲೇ ನಿಂತು. ಎರಡಕ್ಕೆ ಹಾಕಾಯ್ತು, ಮೂರನೇದು ಕೋಲ್ ಹತ್ರ ಇದೆ, ಅವನೇ ತರ್ತಾನೆ ಅಂದ. ಪೇಟೆಯಿಂದ ತರಿಸ್ತೀಯೇನೋ ಅನ್ಕೊಂಡೆ."

ಕೋಲ್‌ನ ಕಪ್ಪು ಬಾಯಿಗೆ ಹೋಗದೆ ಮೇಜಿಗೆ ಹೋಯಿತು. ಒಂದು ಬುಶ್ ತನ್ನ ಹತ್ತಿರವಿದೆಯೆಂದು ಅವನು ಯಾರಿಗೂ ಹೇಳಿರಲಿಲ್ಲ. ಕಟ್ಟಿಕೊಂಡವಳಿಗೂ ಹೇಳಿರಲಿಲ್ಲ. ಬೂಟಿನೊಳಗೆ, ಇಲ್ಲದ ಬೆರಳುಗಳು ಕಡಿಯತೊಡಗಿದವು.

*

ಮೂವತ್ತೊಂದು ವರ್ಷದ ಹಿಂದೆ ಹೆಡ್ಲಿಯ ಗೇಟಿಗೆ ರಿಪೇರಿಯ ಬೋರ್ಡಿತ್ತು, ಊರಿನ ಹುಲ್ಲಿನ ಗಾಡಿಗಳೆಲ್ಲ ಅವನ ಶೆಡ್ಡಿಗೇ ಬರುತ್ತಿದ್ದವು. ಈ ಗಾಡಿ ಆಗ ಕೋಲ್‌ನದು. ಹೆಡ್ಲಿ ಅದರ ಮೂರು ಸ್ಪಿಂಡಲ್‌ಗಳನ್ನೂ ಹೊಸದಾಗಿ ಕಟ್ಟಿಕೊಟ್ಟಿದ್ದ. ವಾರದೊಳಗೆ ಕೋಲ್ ಅದನ್ನು ಮರದ ಬೊಡ್ಡೆಯ ಮೇಲೆ ಹತ್ತಿಸಿ ದಂಡ ಬಗ್ಗಿಸಿದ. ಮತ್ತೆ ಕೊಂಡುಹೋದರೆ ಹೆಡ್ಲಿ ನಗುತ್ತಾನೆ ಎಂಬ ಒಂದೇ ಒಂದು ಹುಚ್ಚು ಹಮ್ಮಿಗೆ ತಾನೇ ಬಿಚ್ಚಿದ, ತಾನೇ ನೆಟ್ಟಗೆ ಮಾಡಿ ಬಿಗಿದ. ಶನಿವಾರ ಗಾಡಿ ಹೆಂಗಸಿನ ಹಾಗೆ ಕಿರುಚಿತು. ಗಾಡಿಯಿಂದಿಳಿದು ಬಗ್ಗಿ ನೋಡುವಷ್ಟರಲ್ಲಿ ಬ್ಲೇಡು ಬಂದಿತ್ತು.

ಆಸ್ಪತ್ರೆಗೆ ಹೆಡ್ಲಿ ಟೋಪಿ ಕೈಯಲ್ಲಿ ಹಿಡಿದು ಬಂದ. "ಹಾಕಿದ್ದೆ ಅಂತ್ಲೇ ನೆನಪು ಮಾರಾಯ. ಆದ್ರೆ ಬಿಚ್ಚಿ ನೋಡಿದ್ರೆ ಬುಶ್ ಇಲ್ಲ. ಎಲ್ಲಿ ಹೋಗತ್ತೆ?"

ನಡುವೆ ತಾನು ಬಿಚ್ಚಿದ್ದನ್ನು ಬಾಯಿಬಿಡದೆ ಕೋಲ್ ಗೋಡೆಯ ಕಡೆ ಮುಖ ತಿರುಗಿಸಿದ. ಬುಶ್ ಎಲ್ಲಿ ಹೋಯಿತೆಂದು ಆಗ ಅವನಿಗೂ ಗೊತ್ತಿರಲಿಲ್ಲ. ಗೊತ್ತಾದದ್ದು ಮನೆಗೆ ಬಂದ ಮೇಲೆ, ತನ್ನದೇ ಮೇಜಿನ ಕೆಳಗೆ ಅದು ಸಿಕ್ಕಾಗ. ಅಷ್ಟರಲ್ಲಿ ಹೆಡ್ಲಿಯೇ ಹಾಕಲು ಮರೆತ ಎಂದು ಊರು ತೀರ್ಪು ಕೊಟ್ಟಾಗಿತ್ತು. ಹೆಡ್ಲಿ ಬೋರ್ಡು ಕಿತ್ತು, ಗೋಧಿ ಗೋದಾಮಿನಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದ. ಮುರಿದ ಗಾಡಿಯನ್ನು ಒಯ್ದು, ಹೊಸ ಬುಶ್ ಕಡೆದು ಹಾಕಿ, ಅದರಲ್ಲೇ ಸ್ಮಶಾನದ ಹುಲ್ಲು ಕೊಯ್ದ. ಎರಡು ಶನಿವಾರಕ್ಕೊಮ್ಮೆ ಕೋಲ್‌ನ ಅಂಗಳವನ್ನೂ ಕೊಯ್ದುಕೊಟ್ಟ. ಕೋಲ್ ಅಡುಗೆಮನೆಯ ಕಿಟಕಿಯಿಂದ ಕೈ ಬೀಸುತ್ತಿದ್ದ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುವುದರಲ್ಲಿ ಮೂವತ್ತೊಂದು ವರ್ಷ ಕಳೆಯಿತು. ನಾಚಿಕೆಗೇಡಿನ ಕೆಲಸ, ಅವನಿಗೂ ಅದು ಗೊತ್ತಿತ್ತು.

*

ಮನೆಗೆ ಹೋಗಿ ಬಂದ ಕೋಲ್ ತಂಬಾಕಿನ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದ. ಬುಶ್ ಉರುಳಿ ರೋವೀನಾಳ ಕೈಗೆ ಬಂತು. ಅದರ ಅಂಚಿನಲ್ಲಿ ಅರದಿಂದ ಎಳೆದ ಮೂರು ಗೀರುಗಳಿದ್ದವು. ಎಡದ ಸ್ಪಿಂಡಲ್ಲಿಗೆ ಒಂದು, ನಡುವಿನದಕ್ಕೆ ಎರಡು, ಬಲದ್ದಕ್ಕೆ ಮೂರು ಗೀರು ಹಾಕಿಯೇ ಹೆಡ್ಲಿ ಜೋಡಿಸುತ್ತಿದ್ದ.

"ಇದು ಅಪ್ಪನ ಗೀರು," ಎಂದಳು ಅವಳು. "ನಿನ್ನ ಹತ್ರ ಹ್ಯಾಗೆ ಬಂತು?"

ಕೋಲ್ ಹೇಳಿದ. ನಾಲ್ಕು ಮಾತಿನಲ್ಲಿ ಮುಗಿಯಿತು. ಇಷ್ಟು ಚಿಕ್ಕ ಮಾತಿಗೆ ಇಷ್ಟು ವರ್ಷ ಬೇಕಾಯಿತಲ್ಲ ಎಂದು ಅವನಿಗೇ ಹೇಸಿಗೆಯಾಯಿತು.

ಬೆರಿಲ್ ಮೆಲ್ಲಗೆ ಗಂಡನ ಸ್ಟೂಲಿನ ಮೇಲೆ ಕೂತಳು. "ಒಂದು ಕತ್ತರಿ ಸಾಣೆ ಹಿಡಿಯೋಕೂ ಯಾರೂ ಕೊಡ್ತಿರ್ಲಿಲ್ಲ ಕಣೋ ಅವನಿಗೆ. ಒಂದು ಕತ್ತರಿ."

"ಬೆರಿಲ್..."

"ನನ್ನ ಮುಂದೆ ಅಳಬೇಡ. ಊರ ಮುಂದೆ ಹೇಳು. ಅವನು ಮಣ್ಣಿಗೆ ಹೋಗೋ ಮುಂಚೆ."

"ಹೇಳ್ತೀನಿ."

"ಸರಿ, ಬಿಗಿ ಈಗ. ಹುಲ್ಲು ಕಾಯ್ತಿದೆ."

ಬುಶ್ ತಳ್ಳುವ ಮೊದಲೇ ಒಳಗೆ ಜಾರಿತು. ಡೆಕ್ಕು ಗಾಡಿಗೇರಿತು. ಕೋಲ್ ಇಂಜಿನ್ ಚಾಲೂ ಮಾಡಿಸಿ, ಹೆಡ್ಲಿ ಮಾಡುತ್ತಿದ್ದ ಹಾಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಸ್ಪಿಂಡಲ್ಲಿನ ಗೂಡಿಗಿಟ್ಟು, ಹಿಡಿಯನ್ನು ಕಿವಿಗೊತ್ತಿದ. ಬೇರಿಂಗು ಕೆಟ್ಟಿದ್ದರೆ ಗರಗರ ಎನ್ನಬೇಕು, ಚೆನ್ನಾಗಿದ್ದರೆ ಸುಮ್ಮನೆ ಗುಂಯ್ ಎನ್ನಬೇಕು. ಕೇಳಿಸಿದ್ದು ಬೇರೆ. ಕೆಲಸ ಮಾಡುವಾಗ ಹೆಡ್ಲಿ ಮೂಗಿನಲ್ಲಿ ಗುನುಗುತ್ತಿದ್ದನಲ್ಲ, ಅದು. ನಡುವೆ ಉಸಿರೆಳೆದುಕೊಳ್ಳುವುದೂ ಕೇಳಿಸಿತು.

ಕೋಲ್ ಸ್ಕ್ರೂಡ್ರೈವರ್ ಬಿಸಾಕಿದ.

"ಏನಾಯ್ತು?" ಎಂದಳು ರೋವೀನಾ.

"ಏನಿಲ್ಲ. ಚೆನ್ನಾಗಿದೆ."

ಸ್ಮಶಾನದಲ್ಲಿ ಗಾಡಿ ಕೋಲ್‌ನ ಕೈ ಕೇಳಲಿಲ್ಲ. ಪ್ರತಿ ಗೋರಿಯ ಹತ್ತಿರ ತಾನೇ ನಿಧಾನಿಸಿತು, ತಾನೇ ತಿರುಗಿತು. ಸದಾ ಕಿರುಚುವ ಗಲಾ ಗಿಳಿಗಳು ನೀಲಗಿರಿ ಮರದ ತುಂಬ ಕೂತಿದ್ದರೂ ಒಂದೂ ಸೊಲ್ಲೆತ್ತಲಿಲ್ಲ. ತೋಡಿಟ್ಟ ಗುಂಡಿಯ ಸುತ್ತ ಮೂರು ಸುತ್ತು ಹಾಕಿದ ಮೇಲೆ ಇಂಜಿನ್ ತಾನಾಗಿಯೇ ನಿಂತಿತು. ಟ್ಯಾಂಕಿನಲ್ಲಿ ಅರ್ಧಕ್ಕೂ ಹೆಚ್ಚು ಪೆಟ್ರೋಲ್ ಇತ್ತು.

*

ಎರಡು ಗಂಟೆಗೆ ಊರೆಲ್ಲ ಶವಪೆಟ್ಟಿಗೆಯ ಸುತ್ತ ಸೇರಿತು. ಸ್ಮಶಾನ ಸಮಿತಿಯ ನೋಯೆಲ್ ನಾಲ್ಕು ಮಾತಾಡಿದ. "ಇಂಥ ಹುಲ್ಲು ಕೊಯ್ಯೋನು ಇನ್ನು ಹುಟ್ಟಲ್ಲ. ಸ್ವಲ್ಪ ಮರೆವಿತ್ತು, ಪಾಪ. ಪೆಟ್ಟಿಗೆಯ ಸ್ಕ್ರೂಗಳನ್ನ ಅವನ ಕೈಲಿ ಬಿಗಿಸಿಲ್ಲ ತಾನೇ?" ಜನ ಮೆತ್ತಗೆ ನಕ್ಕರು. ಅದು ಪ್ರೀತಿಯ ನಗುವೇ, ಅದಕ್ಕೇ ರೋವೀನಾಳ ಮುಖ ಸುಟ್ಟಂತಾಯಿತು.

ಬೇರೆ ಯಾರಾದರೂ ಮಾತಾಡುತ್ತೀರಾ ಎಂದರು ಪಾದ್ರಿ.

ಕೋಲ್ ಎದ್ದ. ಮೂವತ್ತೊಂದು ವರ್ಷ ಜತೆಗೆ ಕ್ಲಬ್ಬಿನ ಹುಲ್ಲಿನ ಮೇಲೆ ಬೌಲ್ಸ್ ಚೆಂಡಾಟ ಆಡಿದ ಮುಖಗಳು ಅವನನ್ನೇ ನೋಡುತ್ತಿದ್ದವು. ಅವನ ಕುಂಟುಗಾಲಿಗೆ ಯಾವಾಗಲೂ ಮೊದಲ ಕುರ್ಚಿ ಬಿಟ್ಟುಕೊಟ್ಟ ಮುಖಗಳು.

"ಹೆಡ್ಲಿ... ಒಳ್ಳೆ ಮನುಷ್ಯ," ಎಂದು ಹೇಳಿ ಕೂತುಬಿಟ್ಟ.

ಬೆರಿಲ್ ತಿರುಗಿಯೂ ನೋಡಲಿಲ್ಲ.

ಆರು ಜನ ಪೆಟ್ಟಿಗೆಯ ಹಿಡಿಗಳನ್ನು ಹಿಡಿದರು. ಕೋಲ್‌ನ ಪಾಲಿಗೆ ಬಂದದ್ದು ಕಾಲಿನ ಕಡೆಯ ಎಡ ಹಿಡಿ. ಎತ್ತಿದಾಗ ಪೆಟ್ಟಿಗೆ ಕೊಂಚ ವಾಲಿತು, ಒಳಗೆ ಏನೋ ಉರುಳಿತು. ಉಕ್ಕು ಮರದ ಮೇಲೆ ಉರುಳುವ ಸದ್ದು. ಎದೆಯ ಹತ್ತಿರದಿಂದ ಹೊರಟು, ಸೊಂಟ ದಾಟಿ, ಮೊಣಕಾಲು ದಾಟಿ, ಕೋಲ್‌ನ ಬೆರಳುಗಳಿದ್ದಲ್ಲಿಗೆ ಬಂದು ಟಕ್ ಎಂದು ಬಡಿಯಿತು.

ಹೊತ್ತವರು ನಿಂತುಬಿಟ್ಟರು.

"ಅಯ್ಯೋ, ಅವನಿಗೆ ಹಾಕಿ ಕಳಿಸಿದ ಆ ಹಸಿರು ಸ್ವೆಟರು," ಎಂದಳು ಬೆರಿಲ್. "ಅದರ ಜೇಬು ನೋಡ್ಲೇ ಇಲ್ಲ ನಾನು. ತೂತಿತ್ತು."

ರೋವೀನಾಗೆ ಅರ್ಥವಾಯಿತು. ಅಪ್ಪ ಆಮೇಲೆ ಕಡೆದು ಹಾಕಿದ್ದ ಮೂರನೆಯ ಬುಶ್ ಕಳೆದಿರಲೇ ಇಲ್ಲ. ಕೋಲ್ ತನ್ನ ಹತ್ತಿರವಿದ್ದುದನ್ನು ತರಲೆಂದೇ ಅಪ್ಪ ಅದನ್ನು ತಾನೇ ಎತ್ತಿಟ್ಟುಕೊಂಡು ಹೊರಟಿದ್ದ.

"ನಡೀರಪ್ಪಾ," ಎಂದು ನೋಯೆಲ್ ಗೊಣಗಿದ. ಕೋಲ್‌ಗೆ ಹೆಜ್ಜೆ ಏಳಲಿಲ್ಲ. ಪೆಟ್ಟಿಗೆ ಅಲುಗಾಡುತ್ತಿರಲಿಲ್ಲ, ಆದರೂ ಒಳಗಿನಿಂದ ಅವನ ಬೆರಳ ಗೆಣ್ಣಿಗೆ ಮತ್ತೊಮ್ಮೆ ಟಕ್ ಎಂದಿತು. ಸ್ವಲ್ಪ ತಡೆದು, ಮತ್ತೊಮ್ಮೆ.

"ನಾನೇ ಬಿಚ್ಚಿದ್ದು!" ಎಂದು ಕೋಲ್ ಕೂಗಿದ. ದನಿ ಗೇಟಿನವರೆಗೂ ಹೋಯಿತು. "ಕೇಳ್ರೋ ಎಲ್ಲ. ಹೆಡ್ಲಿ ಮರೆತಿರ್ಲಿಲ್ಲ. ಅವನು ಹಾಕಿದ್ದ, ನಾನು ಬಿಚ್ಚಿ ವಾಪಸ್ ಹಾಕೋದು ಬಿಟ್ಟೆ. ನನ್ನ ಕಾಲು ನಾನೇ ಕತ್ತರಿಸಿಕೊಂಡು ಅವನ ತಲೆಗೆ ಕಟ್ಟಿದೆ."

ನೋಯೆಲ್ ಟೋಪಿ ತೆಗೆದ. ಹೊಸದಾಗಿ ಕೊಯ್ದ ಹುಲ್ಲಿನ ವಾಸನೆಯ ನಡುವೆ ಆರು ಜನ ಪೆಟ್ಟಿಗೆಯನ್ನು ಮಟ್ಟಸವಾಗಿ ಹಿಡಿದು ನಿಂತೇ ಇದ್ದರು. ಒಳಗೆ ಬುಶ್ ಅಲುಗಿತು. ಆಮೇಲೆ ಮೆಲ್ಲಗೆ, ಅವಸರವಿಲ್ಲದೆ, ಬಂದ ದಾರಿಯಲ್ಲೇ ಎದೆಯ ಕಡೆಗೆ ಉರುಳಿಕೊಂಡು ಹೋಯಿತು.