ಹಾನ್‌ತಿಯ ಡೋಲಿನವಳು

"ತಾಳದ ಹಿಂದೆ ಕಾಲು ಹೋಗುತ್ತೋ, ಕಾಲಿನ ಹಿಂದೆ ತಾಳ ಹೋಗುತ್ತೋ? ವಿಜ್ಞಾನದ ಪುಸ್ತಕ ಓದೋರಲ್ವಾ ನೀವು, ಹೇಳಿ ನೋಡೋಣ" ಎಂದು ಮೋ ಉನ್‌ಸಿಲ್ ಒಮ್ಮೆ ಬೆಳ್ಳುಳ್ಳಿ ಹೊಲದ ಬದುವಿನಲ್ಲಿ ನನ್ನನ್ನು ತಡೆದು ಕೇಳಿದಳು. ನರಮಂಡಲದ ಕುರಿತು ಓದಿದ್ದನ್ನೆಲ್ಲ ಒಟ್ಟುಗೂಡಿಸಿಕೊಂಡು ನಾನು ತಡವರಿಸುತ್ತಿದ್ದಾಗ, "ಗೊತ್ತಿಲ್ಲ ಅಂದ್ಬಿಡಿ, ಅದಕ್ಕೀಗ ಏನಂತೆ?" ಎಂದು ಕೈಗವಸಿನ ಮಣ್ಣು ಕೊಡವಿ ಹೊರಟೇಹೋದಳು.

'ಅದಕ್ಕೀಗ ಏನಂತೆ' ಎಂಬುದು ಅವಳ ಬಾಯಲ್ಲಿ ಪ್ರಶ್ನೆಯಾಗಿರಲಿಲ್ಲ, ರಣಘೋಷವಾಗಿತ್ತು. ಐವತ್ತರ ಆಸುಪಾಸಿನ ಹೆಂಗಸು. ಬೆಳ್ಳುಳ್ಳಿ ಕೀಳುವ ಬಿಸಿಲಿನಲ್ಲೂ ಕಪ್ಪು ಚರ್ಮದ ಕೋಟನ್ನು ಕಳಚುತ್ತಿರಲಿಲ್ಲ. ಎದುರಿಗೆ ಗಾಳಿ ಇಲ್ಲದಾಗಲೂ ಗಾಳಿಯನ್ನು ಸೀಳುವವಳಂತೆ ಎಡಭುಜವನ್ನು ಮುಂದಿಟ್ಟು ನಡೆಯುತ್ತಿದ್ದಳು. ಸಿಯೋಲ್‌ನ ನೆಲಮಾಳಿಗೆಯ ಕ್ಲಬ್ಬುಗಳಲ್ಲಿ ಇಪ್ಪತ್ತು ವರ್ಷ ಡ್ರಮ್ ಬಾರಿಸಿ, ಕಡೆಗೆ ಬಾರಿಸಲು ನೆಲಮಾಳಿಗೆಯೂ ಉಳಿಯದಾದಾಗ, ತನ್ನ ತಂಡದ ಇಬ್ಬರು ಗಂಡಸರೊಡನೆ ನಮ್ಮ ಹಳ್ಳಿಯಾದ ಹಾನ್‌ತಿಯ ಪಾಳುಮನೆಯೊಂದಕ್ಕೆ ಬಂದಿಳಿದಿದ್ದಳು. ಆ ಮೂವರೂ ಮೊದಲ ವರ್ಷ ಇಡೀ ಹೊಲದ ಬೆಳ್ಳುಳ್ಳಿಯನ್ನು ಬೇರು ಮೇಲಾಗಿ ನೆಟ್ಟರು. ಊರವರು ಬೇಲಿಗೆ ಒರಗಿ ನಿಂತು, ಕೊನೆಯ ಸಾಲು ಮುಗಿಯುವವರೆಗೂ ತುಟಿ ಬಿಚ್ಚದೆ ನೋಡಿದರು. ಮರುದಿನ ಬೆಳಗ್ಗೆ ಊರಿನ ಧ್ವನಿವರ್ಧಕದಲ್ಲಿ ಮುಖಂಡ ಪ್ಯೋ ಗಂಟಲು ಸರಿಪಡಿಸಿಕೊಂಡು, "ಕೆಳಗಿನ ಮನೆಯವರ ಬೆಳ್ಳುಳ್ಳಿ ಶೀರ್ಷಾಸನ ಹಾಕಿದೆ. ಬಿಡುವಿರೋರು ಬಂದು ಎಬ್ಬಿಸ್ಕೊಡಿ" ಎಂದು ಸಾರಿದ. ಉನ್‌ಸಿಲ್ ಒಂದು ಎಸಳನ್ನೂ ಮುಟ್ಟಗೊಡಲಿಲ್ಲ. "ದಾರಿ ಹುಡುಕ್ಕೊಂಡು ಮೇಲೆ ಬರ್ತಾವೆ, ಬಿಡಿ!" ಬಂದವು ಕೂಡ, ಕತ್ತು ತಿರುಚಿಕೊಂಡು, ಸೊಟ್ಟಗೆ, ಅವಳಷ್ಟೇ ಖಾರವಾಗಿ.

ಎರಡನೆಯ ಸುಗ್ಗಿ ಮುಗಿಯುತ್ತಲೇ ಗಂಡಸರಿಬ್ಬರೂ ನಗರಕ್ಕೆ ಮರಳಿದರು. ಅವಳು ಉಳಿದಳು, ಪಕ್ಕದ ಮನೆಯ ಬೋಂಗ್‌ನ್ಯೊ ಅಜ್ಜಿಯೊಡನೆ ಅಕ್ಕಿಯ ಹೆಂಡ ಮಕ್ಕೊಲ್ಲಿ ಕುಡಿಯುತ್ತ, ಜಗಳವಾಡುತ್ತ ಉಳಿದಳು. ತೊಂಬತ್ತರ ಅಂಚಿನಲ್ಲಿದ್ದ ಆ ಅಜ್ಜಿಗೆ ಇದ್ದದ್ದು ಒಂದೇ ಆಸೆ: ತಾನು ಪೇಟೆಯ ಶವವಾಹನದಲ್ಲಿ ಹೋಗಕೂಡದು, ಕಾಗದದ ಹೂ ಮುಡಿದ ಪಲ್ಲಕ್ಕಿಯಲ್ಲಿ, ಡೋಲಿನೊಡನೆ, ಊರವರ ಹೆಗಲ ಮೇಲೆ ಗುಡ್ಡ ಹತ್ತಬೇಕು. ಆದರೆ ಊರಿನಲ್ಲಿ ಹೆಗಲೆಲ್ಲಿತ್ತು? ಅಳಿದುಳಿದ ಗಂಡಸರು ತಮ್ಮ ಬೆನ್ನನ್ನೇ ಹೊರಲಾರದವರು.

"ಹೆಂಗಸ್ರು ಹೊರ್ತೀವಿ" ಎಂದಳು ಉನ್‌ಸಿಲ್.

ಪ್ಯೋ ಬೆಚ್ಚಿಬಿದ್ದ. "ಸಿಯೋಲಮ್ಮಾ, ಹೆಣ ಹೊರೋದು ಹೆಂಗಸ್ರ ಕೆಲ್ಸ ಅಲ್ಲ. ನಮ್ಮ ಹಿರೀಕರು ಏನಂದ್ಕೋತಾರೆ?"

"ಹಿರೀಕರೆಲ್ಲ ಗುಡ್ಡದ ಮೇಲೆ ಮಲಗಿದಾರಲ್ಲ ಯಜಮಾನ್ರೇ, ಇಳಿದು ಬಂದು ಹೊರೋಕೆ ಹೇಳಿ. ಬಂದ್ರೆ ನಾನೇ ಜಾಗ ಬಿಟ್ಕೊಡ್ತೀನಿ."

ಹೆಜ್ಜೆ ಕೂಡಿಸಿಕೊಳ್ಳಲು ಖಾಲಿ ಪಲ್ಲಕ್ಕಿಯನ್ನು ಹೊತ್ತು ನೋಡುವ ಪದ್ಧತಿ ಹಿಂದಿನಿಂದಲೂ ಇತ್ತು. ಅಜ್ಜಿ ಅದಕ್ಕೊಪ್ಪದೆ, "ಗಾಳಿ ಹೊತ್ತು ಏನು ಕಲೀತೀರ?" ಎಂದು ತಾನೇ ಹತ್ತಿ ಕುಳಿತು, ಸುಟ್ಟ ಚೆಸ್ಟ್‌ನಟ್ ಸುಲಿಯತೊಡಗಿದಳು. ಉನ್‌ಸಿಲ್ ಮುಂದೆ ನಿಂತು ಡೋಲು ಹಿಡಿದಳು. ಗಡಿಯಾರ ನಾಚುವಷ್ಟು ಕರಾರುವಾಕ್ಕಾದ ಅವಳ ತಾಳ ಸಮತಟ್ಟಿನಲ್ಲಿ ಶೋಭಿಸಿತು; ಏರು ಬಂದೊಡನೆ ಹೆಂಗಸರ ಹೆಜ್ಜೆ ಹಿಂದುಳಿದು, ತಾಳ ಮುಂದೋಡಿ, ಪಲ್ಲಕ್ಕಿ ಗಕ್ಕನೆ ವಾಲಿತು.

"ಏ ಹುಡುಗೀ! ಸತ್ತ ಮೇಲೆ ಬೀಳಿಸೇ! ಸೊಂಟ ಇನ್ನೂ ಬೇಕು ನಂಗೆ!"

ಯಾರಿಗೂ ತಲೆಬಾಗದಿದ್ದವಳು ಅಂದು ಹಿಂದಕ್ಕೆ ತಿರುಗಿ, ಹೊರುವವರಿಗೆ ಮುಖಮಾಡಿ, ಎಲ್ಲರಿಗಿಂತ ಕುಳ್ಳಾಗಿದ್ದ ಹೆಂಗಸಿನ ಪಾದವನ್ನೇ ನೋಡುತ್ತ, ಆ ಪಾದ ನೆಲ ಮುಟ್ಟಿದಾಗಲಷ್ಟೇ ಪೆಟ್ಟು ಹಾಕುತ್ತ, ಹಿಮ್ಮುಖವಾಗಿಯೇ ಏರನ್ನು ಹತ್ತತೊಡಗಿದಳು. ಆಮೇಲೆ ಪಲ್ಲಕ್ಕಿ ಅಲುಗಲಿಲ್ಲ.

ಚಳಿಗಾಲದಲ್ಲಿ ಅಜ್ಜಿ ತೀರಿಕೊಂಡಳು. ಹೂಪಲ್ಲಕ್ಕಿ ಹೊರಟಿತು. ಗುಡ್ಡದ ಬುಡದಲ್ಲಿ ಪ್ಯೋ ಎರಡೂ ತೋಳು ಚಾಚಿ, "ಇಲ್ಲಿಗೆ ನಿಲ್ಸಿ! ಇಲ್ಲಿಂದಾಚೆಗೆ ಹೆಂಗಸ್ರು ಹೊತ್ತು ಹತ್ತಿದ್ದೇ ಇಲ್ಲ!" ಎಂದು ಅಡ್ಡ ನಿಂತ. ಹಿಮ್ಮುಖವಾಗಿ ಬರುತ್ತಿದ್ದ ಉನ್‌ಸಿಲ್‌ಳ ಬೆನ್ನು ಅವನ ಎದೆಗೆ ತಾಗಿತು. ಅವಳು ತಿರುಗಲಿಲ್ಲ. "ದಾರೀಲಿ ಏನೋ ಸಿಕ್ತು. ಹೆಜ್ಜೆ ನಿಲ್ಲಿಸ್ಬೇಡಿ!" ಡೋಲು ಬಡಿಯಿತು, ಬೆನ್ನು ಒತ್ತಿತು, ಪ್ಯೋ ಒಂದು ಹೆಜ್ಜೆ ಹಿಂದೆ ಸರಿದ, ಮತ್ತೊಂದು ಪೆಟ್ಟಿಗೆ ಮತ್ತೊಂದು. ಎಡವದಿರಲೆಂದು ಅವನೇ ಕೊನೆಗೆ ಮುಖ ತಿರುಗಿಸಿ ಮುಂದೆ ನಡೆಯಬೇಕಾಯಿತು. ತಡೆಯಲು ಬಂದವನು ಮೆರವಣಿಗೆಯ ಮುಂದಾಳಾಗಿ, ತಪ್ಪದ ಹೆಜ್ಜೆಯಲ್ಲಿ ಗುಡ್ಡ ಹತ್ತಿದ್ದನ್ನು ಊರೆಲ್ಲ ಕಂಡಿತು.

ಮೂರು ವರ್ಷಗಳ ಬಳಿಕ ಉನ್‌ಸಿಲ್‌ಳನ್ನು ರಕ್ತದ ಕಾಯಿಲೆಯೊಂದು ಕೊಂಡೊಯ್ದಿತು. ಅವಳನ್ನೂ ಆ ಹೆಂಗಸರೇ ಹೊತ್ತರು. ಈ ಬಾರಿ ಯಾರೂ ಅಡ್ಡ ನಿಲ್ಲಲಿಲ್ಲ. ಮನುಷ್ಯಸ್ವಭಾವದ ಬಗೆಗಿನ ಸಾಮಾನ್ಯೋಕ್ತಿಗಳಲ್ಲಿ ನನಗೆ ನಂಬಿಕೆ ಕಡಿಮೆ. ಆದರೂ ಇಂಥವರನ್ನು ನಾವು ಯಾವ ನಂಟಿಗೂ ನಿಲ್ಲದ ಒರಟರೆಂದು ತಪ್ಪಾಗಿ ಬಗೆಯುತ್ತೇವೆ. ತಮಗೆ ಕಟ್ಟಿಕೊಟ್ಟ ನಂಟುಗಳನ್ನೆಲ್ಲ ಒದೆಯುವ ಈ ಜಾತಿಯ ಜನ, ತಾವಾಗಿ ಕಟ್ಟಿಕೊಂಡದ್ದರ ಸುದ್ದಿಯನ್ನು ಯಾರಿಗೂ ಹೇಳಿಕೊಳ್ಳುವುದಿಲ್ಲ.

ಮಣ್ಣು ಮಾಡಿ ಇಳಿಯುವಾಗ, ಹಿಂದೆ ಅವಳೊಡನೆ ಬಂದಿದ್ದ ಗಿಟಾರಿನ ಗುಕ್‌ಹ್ವಾನ್ ನನ್ನ ಪಕ್ಕದಲ್ಲಿದ್ದ. ಅಜ್ಜಿಯ ಪಲ್ಲಕ್ಕಿ ಹೊರಟ ದಿನವೇ ಸಿಯೋಲ್‌ನ ದೊಡ್ಡ ಸಭಾಂಗಣದಲ್ಲಿ ಅವರ ಹಳೆಯ ತಂಡ ಮತ್ತೆ ಕೂಡಿ ನಡೆಸಬೇಕಿದ್ದ ಸಂಗೀತ ಕಛೇರಿಯಿತ್ತಂತೆ. ಅಂಥ ವೇದಿಕೆ ಅವರಿಗೆ ಜೀವಮಾನದಲ್ಲಿ ಸಿಕ್ಕಿದ್ದು ಅದೊಂದೇ. ಅಂದು ಬೆಳಗ್ಗೆ ಅವಳಿಂದ ದೂರವಾಣಿ ಕರೆ ಬಂತಂತೆ.

"ಬರೋಕಾಗಲ್ಲ ಕಣೋ, ಡ್ರಮ್ಮಿಗೆ ಬೇರೆಯವರನ್ನ ಕೂರಿಸ್ಕೊಳ್ಳಿ" ಎಂದಿದ್ದಳಂತೆ. "ನಮ್ಮನೇಲಿ ಸಾವಾಗಿದೆ."