ಹದಿನೈದು ಗೇಣು

“ಆ ಕೋಣೆ ಜಮಖಾನೇನೂ ತಗೊಂಡು ಬಾರೇ, ಜನ ಬರೀ ನೆಲದ ಮೇಲೆ ಕೂತಿದ್ದಾರೆ” ಎಂದು ನಾದಿನಿ ಹಜಾರದಿಂದ ಹೇಳುವಷ್ಟರಲ್ಲಿ ಸೊಸೆ ಅದರ ಅರ್ಧವನ್ನು ಸುತ್ತಿಯಾಗಿತ್ತು. ತೊಟ್ಟಿಲ ಕಡೆಯಿಂದ ಸುರುಳಿ ಸುತ್ತುತ್ತಾ ಮೊಣಕಾಲ ಮೇಲೆಯೇ ಬಾಗಿಲತ್ತ ಸರಿಯುತ್ತಿದ್ದವಳು ಕೈ ನಿಲ್ಲಿಸಿದಳು. ಕೆಂಪು ನೆಲದ ಮೇಲೆ, ಗೋಡೆಯ ಅಂಚಿಗೆ, ಚಾಕ್‌ಪೀಸಿನ ಗೆರೆಗಳು. ಒಂದೊಂದೂ ಬೆರಳುದ್ದ. ಬಿಳಿಯದು ಒಂದು ಸಾಲು, ಅದಕ್ಕೆ ಅಂಟಿಕೊಂಡಂತೆ ನೀಲಿಯದು ಇನ್ನೊಂದು. ಎರಡೂ ತೊಟ್ಟಿಲ ಕಾಲಿನಿಂದಲೇ ಹೊರಟಿದ್ದವು. ಬಿಳಿ ಸಾಲು ಕೋಣೆಯ ನಡುವೆ ನಿಂತುಬಿಟ್ಟಿತ್ತು. ಉಳಿದರ್ಧವನ್ನೂ ಸುತ್ತಿದಾಗ, ನೀಲಿಯದು ಹೊಸಿಲ ಹತ್ತಿರದವರೆಗೆ ಬಂದಿದ್ದು ಕಂಡಿತು.

ಬಟ್ಟೆಗೆ ಗುರುತು ಹಾಕುವ ಅತ್ತೆಯ ಚಪ್ಪಟೆ ಚಾಕ್‌ಪೀಸು. ಪರದೆಗೋ ಹಾಸಿಗೆಗೋ ಅಳತೆ ತೆಗೆದಿರಬೇಕು. ಈ ಕೋಣೆ ಗುಡಿಸುವುದು ಒರೆಸುವುದು ಅವರದೇ ಆಗಿದ್ದರಿಂದ ಅವಳು ಇದನ್ನು ನೋಡಿಯೇ ಇರಲಿಲ್ಲ. ತನ್ನ ಮಗು ಮಲಗುವ ಕೋಣೆಗೂ ಗುರುತು ಹಾಕಿಕೊಂಡಿದ್ದಾರಲ್ಲ ಎಂದು ಹೊಟ್ಟೆಯಲ್ಲಿ ಹಳೆಯ ಕಿಚ್ಚು ಹೊತ್ತಿತು. ಆಮೇಲೆ ಅತ್ತೆ ಹಜಾರದಲ್ಲಿ ಹೇಗೆ ಮಲಗಿದ್ದಾರೆ ಎಂಬುದು ನೆನಪಾಗಿ, ಜಮಖಾನೆ ಎತ್ತಿಕೊಂಡು ಹೊರಗೆ ಬಂದಳು.

ಹೊಲಿಗೆ ಯಂತ್ರವನ್ನು ಗೋಡೆಗೆ ಒತ್ತರಿಸಿ, ಅದಿದ್ದ ಜಾಗದಲ್ಲಿಯೇ ಅತ್ತೆಯನ್ನು ಮಲಗಿಸಿದ್ದರು. ಬೆಳಗಿನ ಜಾವ ಎದೆ ಹಿಡಿದ ಹಾಗಾಗ್ತಿದೆ ಅಂದಿದ್ದರು. ಎದುರು ಮನೆಯ ಬಸ್ ಡ್ರೈವರ್ ಯಾರದೋ ಕಾರು ಕೇಳಿ ತರುವಷ್ಟರಲ್ಲಿ ಮುಗಿದೇ ಹೋಗಿತ್ತು. ನಲವತ್ತು ವರ್ಷ ಕೊರಳಿಗೆ ಟೇಪು ನೇತುಹಾಕಿಕೊಂಡೇ ಓಡಾಡಿದ ಅವರು ಬೀದಿಗೆಲ್ಲ ಟೇಪಮ್ಮ. ಇವತ್ತು ಕೊರಳು ಬರಿದಾಗಿತ್ತು. ಬಂದವರ ಕಣ್ಣು ಮೊದಲು ಹೋಗುತ್ತಿದ್ದದ್ದು ಅಲ್ಲಿಗೇ.

“ನನ್ನ ಸೊಂಟ ಎಷ್ಟೆಷ್ಟು ಬೆಳೀತು ಅಂತ ಈ ಬೀದೀಲಿ ಗೊತ್ತಿದ್ದೋರು ಅವರೊಬ್ಬರೇ. ಯಾರ ಹತ್ರಾನೂ ಬಾಯಿ ಬಿಡಲಿಲ್ಲ, ಪುಣ್ಯಾತ್ಗಿತ್ತಿ” ಎಂದ ಡ್ರೈವರ್.

“ಮಕ್ಕಳನ್ನ ಮಲಗಿಸ್ತಿದ್ದದ್ದನ್ನ ಹೇಳಿ ಮೊದಲು” ಎಂದರು ಪಕ್ಕದ ಮನೆಯ ನರ್ಸಮ್ಮ. ಅವರ ಮಡಿಲಲ್ಲಿ ಸೊಸೆಯ ಹತ್ತು ತಿಂಗಳ ಮಗ ಗುಂಡು ಅವರ ಕೈಗಡಿಯಾರವನ್ನು ಚೀಪುತ್ತಿದ್ದ. “ರಾತ್ರಿಯೆಲ್ಲ ಕೂಗೋ ಮಗು ಎಲ್ಲಿದ್ರೂ ಟೇಪಮ್ಮನೇ ಹೋಗಬೇಕಿತ್ತು.”

“ನಮ್ಮ ಹುಡುಗನಿಗೂ ಅವರೇ ಕಲಿಸಿದ್ದು” ಎಂದ ಡ್ರೈವರ್. “ಮೂವತ್ತಾಯ್ತು, ಈಗಲೂ ಒಂಬತ್ತಕ್ಕೆ ಮುಂಚೆ ಏಳಲ್ಲ. ಸ್ವಲ್ಪ ಜಾಸ್ತಿನೇ ಕಲಿಸಿಬಿಟ್ರು.”

ಯಾರೋ ನಕ್ಕು, ಬಾಯಿಗೆ ಸೆರಗು ಒತ್ತಿಕೊಂಡರು. ನಾದಿನಿ ಮಾತ್ರ ನಗಲಿಲ್ಲ.

“ಬೀದಿಗೆಲ್ಲ ಆಯ್ತು. ನನ್ನ ಮಗಳು ಎರಡು ವರ್ಷ ನಮ್ಮನ್ನ ಮಲಗೋಕೆ ಬಿಡಲಿಲ್ಲ. ಬಂದು ನಾಲ್ಕು ದಿನ ಇರಮ್ಮ ಅಂದ್ರೆ, ಯೂನಿಫಾರಂ ಹೊಲಿಯೋದು ರಾಶಿ ಬಿದ್ದಿದೆ ಅಂದ್ಲು. ಇವಳ ಮಗುಗೆ ಮಾತ್ರ ಸಂಜೆ ಗಿರಾಕಿಗಳನ್ನೆಲ್ಲ ವಾಪಸ್ ಕಳಿಸಿ ಕೂತ್ಲು. ಕೆಲವರ ಹಣೆಬರಹ.”

ಸೊಸೆ ಜಮಖಾನೆಯ ಮಡಿಕೆ ಬಿಡಿಸುತ್ತಿದ್ದವಳು ತಲೆ ಎತ್ತಿದಳು. ಈ ಮನೆಯಲ್ಲಿ ಹೊಟ್ಟೆಕಿಚ್ಚು ಪಡುವವಳು ತಾನೊಬ್ಬಳೇ ಎಂದುಕೊಂಡಿದ್ದಳು.

“ಇವತ್ತು ಸಂಜೆ ಏನ್ ಮಾಡ್ತೀಯ?” ನಾದಿನಿ ಅವಳನ್ನೇ ಕೇಳಿದಳು. “ಏಳೂವರೆಗೆ ಅಜ್ಜಿ ಬೇಕು ಅಂದ್ರೆ?”

“ನಾನು ಅವನ ತಾಯಿ ಅಕ್ಕ.”

“ಅಲ್ಲ ಅಂದೋರು ಯಾರು?”

*

ಮೂರು ವಾರಗಳ ಹಿಂದೆ ಅತ್ತೆಯನ್ನು ಕೇಳಿಕೊಂಡು ಹೋದದ್ದು ಸೊಸೆಯೇ. ಪ್ರಯೋಗಾಲಯದಲ್ಲಿ ರಕ್ತ ತೆಗೆಯುವ ಕೆಲಸ ಅವಳದು. ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೇಲೂ ಗುಂಡು ರಾತ್ರಿಗೆ ಐದು ಸಲ ಏಳುತ್ತಿದ್ದ, ಐದು ಸಲವೂ ಎದೆಗೆ ಹಾಕಿಕೊಂಡರೇ ಸುಮ್ಮನಾಗುತ್ತಿದ್ದ. ನಿದ್ದೆಗಣ್ಣಲ್ಲಿ ಒಂದು ದಿನ ಒಬ್ಬರ ರಕ್ತದ ಕೊಳವೆಗೆ ಇನ್ನೊಬ್ಬರ ಹೆಸರು ಅಂಟಿಸಿದಳು. ಡಾಕ್ಟರು ಹಿಡಿದರು. ಇನ್ನೊಂದು ಸಲ ಹೀಗಾದರೆ ಮನೆಯಲ್ಲೇ ಇರಿ ಅಂದರು. ಆ ಸಂಜೆ ಅವಳು ಹೊಲಿಗೆ ಯಂತ್ರದ ಪಕ್ಕ ಹೋಗಿ ನಿಂತಳು.

ಅತ್ತೆ ಮಗುವಿನ ಕೋಣೆಗೆ ಬಂದು, ತೊಟ್ಟಿಲನ್ನೂ ಬಾಗಿಲನ್ನೂ ನೋಡಿದರು.

“ಹದಿನೈದು ದಿನ ಕೊಡು ನಂಗೆ. ಆದ್ರೆ ಒಂದೇ ಮಾತು. ನಾನು ಒಳಗೆ ಹೋದ ಮೇಲೆ ನೀನು ಬರಕೂಡದು. ನಿನ್ನ ಮೈ ವಾಸನೆ ಬಂದ್ರೆ ಅವನಿಗೆ ಹಾಲು ನೆನಪಾಗುತ್ತೆ.”

ದಿನಾ ಏಳೂವರೆಗೆ ಬಾಗಿಲು ಮುಚ್ಚುತ್ತಿತ್ತು. ಅವಳು ಆಚೆ ಬದಿ ನಿಂತು ಒಣಗಿದ ಬಟ್ಟೆ ಮಡಚುವಳು, ಮಡಚಿದ್ದನ್ನೇ ಮತ್ತೆ ಮಡಚುವಳು. ಮೊದಲ ದಿನ ಮಗು ಅತ್ತ ಅಳುವಿಗೆ ಅವಳ ರವಿಕೆ ನೆನೆದುಹೋಯಿತು. ಆಮೇಲೆ ಅಳು ದಿನದಿಂದ ದಿನಕ್ಕೆ ಗಿಡ್ಡವಾಯಿತು. ಅದಾಗಲಿ ಎಂದೇ ಬೇಡಿಕೊಂಡಿದ್ದವಳಿಗೆ ಅದಾಗುತ್ತಿದ್ದಂತೆ ಸಂಕಟ. ಅತ್ತೆ ಹಾಡುತ್ತಿರಲಿಲ್ಲ, ಮಾತೂ ಇಲ್ಲ. ಒಳಗೆ ಅದೇನು ಮಾಡುತ್ತಾರೆ? ಎದೆಗೊತ್ತಿಕೊಂಡು ಕೂರುತ್ತಾರಾ? ತಮ್ಮ ಮಗನನ್ನು ಸಾಕಿದ ತೋಳಲ್ಲಿ ಈಗ ನನ್ನ ಮಗನನ್ನೂ ಹಾಕಿಕೊಂಡು?

ಒಂಬತ್ತನೆಯ ಸಂಜೆ ಮಗು ಒಳಗೆ ಒಂದಿಷ್ಟು ಕುಂಯ್‌ಗುಟ್ಟಿ, ಆಮೇಲೆ ಕಿಲಕಿಲ ನಕ್ಕಿತು.

ಅದನ್ನು ತಡೆದುಕೊಳ್ಳಲಾಗಲಿಲ್ಲ ಅವಳಿಗೆ. ಅಳುವೆಲ್ಲ ನನ್ನ ಪಾಲಿಗೆ, ನಗು ಅವರ ಪಾಲಿಗಾ? ಬಾಗಿಲು ತಳ್ಳಿ ನುಗ್ಗಿದಳು. ಅತ್ತೆ ಎಲ್ಲಿ ಕೂತಿದ್ದಾರೆ ಎಂದೂ ನೋಡದೆ ಮಗುವನ್ನು ತೊಟ್ಟಿಲಿಂದ ಬಾಚಿ ತನ್ನ ಹಾಸಿಗೆಗೆ ಒಯ್ದಳು. ಆ ರಾತ್ರಿ ಗುಂಡು ಆರು ಸಲ ಎದ್ದ. ಆರು ಸಲವೂ ಅವಳಿಗೆ ಗೆದ್ದ ಹಾಗಿತ್ತು.

ಬೆಳಿಗ್ಗೆ ಗಂಡ ಕೆಂಗಣ್ಣು ಉಜ್ಜಿಕೊಂಡು ಕೇಳಿದ. “ಏನಮ್ಮ, ಮತ್ತೆ ಶುರುವಾಯ್ತಲ್ಲ ಇವನದು?”

“ಹಲ್ಲು ಬರ್ತಿದೆ ಕಣೋ” ಎಂದರು ಅತ್ತೆ, ಯಂತ್ರದಿಂದ ತಲೆ ಎತ್ತದೆ. ಅವನು ಹೋದ ಮೇಲೆ ಸೊಸೆಯ ಕಡೆ ತಿರುಗಿ, “ಹೊಲಿಗೆ ಓರೆಯಾದ್ರೆ ಬಿಚ್ಚೋದು, ಮತ್ತೆ ಹಾಕೋದು. ಅದಕ್ಯಾಕೆ ಮುಖ ಹಾಗೆ ಮಾಡ್ಕೊಂಡಿದ್ದೀಯ?” ಎಂದರು.

ಸಂಜೆ ಏಳೂವರೆಗೆ ಬಾಗಿಲು ಮತ್ತೆ ಮುಚ್ಚಿತು.

*

ಮಧ್ಯಾಹ್ನ ಎರಡಕ್ಕೆ ಅತ್ತೆಯನ್ನು ಒಯ್ದರು. ಮನೆ ಅರ್ಧ ಖಾಲಿಯಾದ ಮೇಲೆ ನರ್ಸಮ್ಮ ಗುಂಡುವಿನ ಬಟ್ಟೆ ಬದಲಿಸಲು ಕೋಣೆಗೆ ಬಂದವರು ನೆಲ ನೋಡಿ ನಿಂತರು.

“ಅಯ್ಯೋ, ಇದನ್ನ ಇನ್ನೂ ಬಿಟ್ಟಿರಲಿಲ್ವಾ ಟೇಪಮ್ಮ?”

“ಏನದು?”

“ನಿಂಗೊತ್ತಿಲ್ವಾ? ಕುರ್ಚಿ ಗುರುತು. ನನ್ನ ಮಗಳನ್ನ ಮಲಗಿಸುವಾಗ ನಮ್ಮ ಮನೇಲೂ ಹಾಕಿದ್ರು. ಮೊದಲ ದಿನ ತೊಟ್ಟಿಲ ಪಕ್ಕ. ಆಮೇಲೆ ದಿನಕ್ಕೊಂದು ಗೇಣು ಬಾಗಿಲ ಕಡೆಗೆ. ಕೊನೇ ದಿನ ಹೊಸಿಲ ಆಚೆ. ಅಲ್ಲಿಂದ ಮುಂದೆ ಕುರ್ಚೀನೂ ಬೇಡ, ಟೇಪಮ್ಮನೂ ಬೇಡ.”

“ಕೂತ್ಕೊಂಡು ಏನ್ ಮಾಡ್ತಿದ್ರು?”

“ಏನಿಲ್ಲ. ಸಣ್ಣ ದೀಪ ಹಾಕ್ಕೊಂಡು ಗುಂಡಿ ಹೊಲೀತಿದ್ರು. ಅದೂ ಮಗುಗೆ ಬೆನ್ನು ಮಾಡಿ.” ನರ್ಸಮ್ಮ ಮಗುವಿನ ಕೈಯನ್ನು ತೋಳಿಗೆ ತೂರಿಸುತ್ತಾ ಹೇಳಿದರು. “ನಾನು ಕೇಳಿದ್ದೆ, ಯಾಕೆ ಹೀಗೆ ಅಂತ. ಮುಖ ನೋಡಿದ್ರೆ ಎತ್ಕೊಂಡುಬಿಡ್ತೀನಮ್ಮ, ಆಮೇಲೆ ಇದು ನಂದೇ ಆಗ್ಬಿಡುತ್ತೆ, ಅದರ ತಾಯಿಗೆ ಏನ್ ಹೇಳಲಿ ಅಂದ್ರು. ಟೇಪು ಒಂದು ಬೆನ್ನ ಮೇಲೆ ಜೋತಾಡ್ತಿತ್ತು. ನನ್ನ ಮಗಳು ಅದನ್ನ ನೋಡ್ಕೊಂಡು ನಗೋದು, ನಗ್ತಾ ನಗ್ತಾ ಮಲಗೋದು.”

ಸೊಸೆ ಗುಂಡುವಿನ ಕಾಲುಚೀಲ ಹುಡುಕುವ ನೆಪದಲ್ಲಿ ಬಗ್ಗಿದಳು.

“ಆದ್ರೆ ಇದ್ಯಾಕೆ ಎರಡು ಸಾಲು?” ಎಂದರು ನರ್ಸಮ್ಮ. “ನಮ್ಮ ಮನೇಲಿ ಒಂದೇ ಇತ್ತಪ್ಪ.”

ಅವಳು ಬಿಳಿ ಗೆರೆಗಳನ್ನು ಮನಸ್ಸಿನಲ್ಲೇ ಎಣಿಸಿದಳು. ಒಂಬತ್ತು. ನೀಲಿಯವು ಹದಿನಾಲ್ಕು. ಕೊನೆಯದರ ಮೇಲೆ ಹೆಬ್ಬೆರಳಿಟ್ಟು ಕೈಯಗಲಿಸಿದಾಗ ಕಿರುಬೆರಳು ಸರಿಯಾಗಿ ಹೊಸಿಲಿಗೆ ತಾಗಿತು.

“ಹಲ್ಲು ಬರ್ತಿತ್ತು ಅವನಿಗೆ” ಎಂದಳು.

*

ಏಳೂವರೆಗೆ ಗುಂಡುವನ್ನು ತೊಟ್ಟಿಲಲ್ಲಿ ಬಿಟ್ಟು, ಅತ್ತೆ ಕೂರುತ್ತಿದ್ದ ಕೈಯಿಲ್ಲದ ಮರದ ಕುರ್ಚಿಯನ್ನು ಹದಿನಾಲ್ಕನೆಯ ನೀಲಿ ಗೆರೆಗೆ ಇಟ್ಟಳು. ಹಜಾರದಲ್ಲಿ ಯಂತ್ರದ ಮೇಲೆ ಟೇಪು ಬಿದ್ದಿತ್ತು. ಅದನ್ನು ಎತ್ತಿಕೊಂಡವಳು ಅಲ್ಲೇ ಬಿಟ್ಟು ಬಂದು, ಮುಂದಿದ್ದ ಜಡೆಯನ್ನು ಬೆನ್ನ ಮೇಲೆ ಹಾಕಿಕೊಂಡು ಕೂತಳು. ಎದುರಿಗೆ, ತೆರೆದ ಬಾಗಿಲಲ್ಲಿ, ನಾದಿನಿ ಕೈಕಟ್ಟಿ ನಿಂತಿದ್ದಳು.

ಬೆನ್ನ ಹಿಂದೆ ಮಗು ಕಂಬಿ ಹಿಡಿದು ಎದ್ದು ನಿಂತ ಸದ್ದು. ಒಂದು ಸಣ್ಣ ರಾಗ. ಅವಳ ಕೈಗಳು ತಾವಾಗಿಯೇ ಕುರ್ಚಿಯಿಂದ ಏಳಲು ಹೊರಟವು. ತೊಡೆಯ ಕೆಳಗೆ ಒತ್ತಿಟ್ಟುಕೊಂಡಳು. ಅಳಲಿ, ಒಂದೇ ಒಂದು ಸಲ ಜೋರಾಗಿ ಅಳಲಿ ಎಂದು ಮನಸ್ಸು ಹೇಳುತ್ತಿತ್ತು. ಅತ್ತರೆ ಎತ್ತಿಕೊಳ್ಳಬಹುದಿತ್ತು. ಅಜ್ಜಿ ಬೇಕು ಅಂತ ಅತ್ತರೂ ಸರಿಯೇ.

ಮಗು ಧೊಪ್ಪನೆ ಕೂತಿತು. ಹೊರಳಿತು. ಏನೋ ಗೊಣಗಿತು. ಆಮೇಲೆ ಉಸಿರಿನ ಸದ್ದು ಮಾತ್ರ.

“ಮಲಗೇಬಿಟ್ಟನಲ್ಲೇ” ನಾದಿನಿಯ ದನಿ ತಗ್ಗಿತ್ತು. “ಯಾರನ್ನೂ ಕೇಳಲಿಲ್ಲ. ಅಮ್ಮ ಕೆಲಸ ಮುಗಿಸಿಯೇ ಹೋದ್ಲು.”

“ಇನ್ನೊಂದು ಗೇಣಿತ್ತು ಅಕ್ಕ.”

ನಾದಿನಿ ಕಣ್ಣೊರೆಸಿಕೊಂಡು ಹಜಾರಕ್ಕೆ ಹೋದಳು. ಅಲ್ಲಿಂದ ಅವಳು ತಮ್ಮನ ಜೊತೆ ಮಾತಾಡುವುದು ಕೇಳಿಸುತ್ತಿತ್ತು.

ಸೊಸೆ ಎದ್ದು ಹೋಗಿ ಹೊಲಿಗೆ ಯಂತ್ರದ ಖಾನೆ ಎಳೆದಳು. ಚಾಕ್‌ಪೀಸಿನ ತಗಡಿನ ಡಬ್ಬಿಯಲ್ಲಿ ಬಿಳಿಯದು ಉಗುರಿನಷ್ಟಾಗಿತ್ತು. ನೀಲಿಯದು ಅರ್ಧ ಸವೆದಿತ್ತು. ಹಳದಿಯದರ ನಾಲ್ಕು ಮೂಲೆಗಳೂ ಇನ್ನೂ ಚೂಪಾಗಿಯೇ ಇದ್ದವು.

ಕೋಣೆಗೆ ಮರಳಿ ಕುರ್ಚಿಯನ್ನು ಸದ್ದಾಗದಂತೆ ಎತ್ತಿದಳು. ಹೊಸಿಲಿನತ್ತ ಒಮ್ಮೆ ನೋಡಿ, ಅದನ್ನು ತೊಟ್ಟಿಲ ಪಕ್ಕಕ್ಕೆ ತಂದು, ಮಗುವಿನ ಕಡೆಗೆ ಮುಖ ಮಾಡಿ ಇಟ್ಟಳು. ಆಮೇಲೆ ಬಗ್ಗಿ, ಬಿಳಿ ಮತ್ತು ನೀಲಿಯ ಮೊದಲ ಗೆರೆಗಳ ಪಕ್ಕದಲ್ಲಿ, ಕುರ್ಚಿಯ ಕಾಲಿಗೆ ಸರಿಯಾಗಿ, ಹಳದಿಯ ಒಂದು ಗೆರೆ ಎಳೆದಳು.